ಪ್ಯಾನೆಲ್‌ಗೆ ಪೂರ್ಣ ಅಂಕ, ಜೊತೆಗೆ ಬಂದ ತಂತಿಗೆ ಸೊನ್ನೆ

ನಮ್ಮ ಕ್ಯಾಂಪರ್ ವ್ಯಾನಿಗೆ ಈ ಸೋಲಾರ್ ಕಿಟ್ ಹಾಕಿ ಎಂಟು ತಿಂಗಳಾಯಿತು. 100 ವ್ಯಾಟಿನ ಎರಡು ಪ್ಯಾನೆಲ್, ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ಗಳಿಂದ ಆದಷ್ಟು ಹೆಚ್ಚು ವಿದ್ಯುತ್ ಪಡೆದು ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಮತ್ತು ತಂತಿಗಳು ಇದರಲ್ಲಿವೆ. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಬೇರೆಯಾಗಿ ಕೊಂಡೆ.

ಪ್ಯಾನೆಲ್‌ಗಳ ಬಗ್ಗೆ ದೂರಿಲ್ಲ. ಎರಡನ್ನೂ ಸಮಾಂತರವಾಗಿ ಜೋಡಿಸಿದ್ದೇನೆ. ಒಂದರ ಮೇಲೆ ಮರದ ನೆರಳು ಬಿದ್ದರೂ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ತಂತಿಯ ವಿಷಯದಲ್ಲಿ. ಮೊದಲ ವಾರ ರಾತ್ರಿ ಫ್ರಿಜ್ ಟಕ್ ಎಂದು ಶುರುವಾಗಿ ಮರುಕ್ಷಣವೇ ನಿಲ್ಲುತ್ತಿತ್ತು. ಬ್ಯಾಟರಿಯ ಬಳಿ ಮಲ್ಟಿಮೀಟರ್ ಹಿಡಿದರೆ 12.8 ವೋಲ್ಟ್, ಐದು ಮೀಟರ್ ಆಚೆ, ಫ್ರಿಜ್ಜಿನ ತುದಿಯಲ್ಲಿ ಬರೀ 12.2. ತಂತಿ ತೆಳುವಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ; ಕಿಟ್‌ನ ತಂತಿ ಬರೀ 1.5 ಚದರ ಮಿಲಿಮೀಟರಿನದು! ಅದನ್ನು ಕಿತ್ತು 6 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದೆ, ತುದಿಗಳಿಗೆ ಲಗ್‌ಗಳನ್ನು (ಲೋಹದ ಕೊಂಡಿಗಳನ್ನು) ಗಟ್ಟಿಯಾಗಿ ಒತ್ತಿ ಕ್ರಿಂಪ್ ಮಾಡಿದೆ. ಅಂದಿನಿಂದ ಫ್ರಿಜ್ ಒಮ್ಮೆಯೂ ಮುನಿಸಿಕೊಂಡಿಲ್ಲ.

ಅದಕ್ಕಿಂತ ದೊಡ್ಡ ಲೋಪವೆಂದರೆ ಬ್ಯಾಟರಿಯ ಧನ ತುದಿಗೆ ಫ್ಯೂಸನ್ನೇ ಕೊಟ್ಟಿಲ್ಲ. ಶಾರ್ಟ್ ಆದರೆ ತಂತಿಯೇ ಹೊತ್ತಿಕೊಳ್ಳುತ್ತದೆ. ಮಕ್ಕಳು ಮಲಗುವುದು ಅದರ ಪಕ್ಕದಲ್ಲೇ. ಬ್ಯಾಟರಿಗೆ ಅಂಟಿಕೊಂಡಂತೆಯೇ ಫ್ಯೂಸ್ ಹಾಕಿಸಿ.

ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಬೇಕು. ಕೈಪಿಡಿಯಲ್ಲಿ ಇದು ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರಗಳಲ್ಲಿದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಈ ಬಗೆಯ ಬ್ಯಾಟರಿಯನ್ನು ಚಾರ್ಜ್ ಮಾಡಬಾರದೆಂಬ ಮಾತಂತೂ ಎಲ್ಲಿಯೂ ಇಲ್ಲ.

ಪ್ಯಾನೆಲ್ ಮತ್ತು ಕಂಟ್ರೋಲರಿಗಾಗಿ ಮತ್ತೆ ಇದನ್ನೇ ಕೊಳ್ಳುತ್ತೇನೆ, ತಂತಿಯನ್ನು ಮಾತ್ರ ಪೆಟ್ಟಿಗೆಯಿಂದ ಹೊರಗೇ ತೆಗೆಯುವುದಿಲ್ಲ.