ಬಸ್‌ಬಾಯ್ಸ್ ಆ್ಯಂಡ್ ಪೊಯೆಟ್ಸ್, ವಾಷಿಂಗ್ಟನ್: ಹೋಗುವುದಾದರೆ ಓಪನ್ ಮೈಕ್ ಇರುವ ರಾತ್ರಿಯೇ ಹೋಗಿ

ಕಪ್ಪು ಅಮೆರಿಕನ್ ಕವಿಗಳು ಪುಟ ಬಿಟ್ಟು ಬಾಯಲ್ಲಿ ಕವಿತೆ ಹೇಳುವುದನ್ನು ಕೇಳಬೇಕು ಅನ್ನುವವರಿಗೆ ವಾಷಿಂಗ್ಟನ್ ಡಿಸಿಯಲ್ಲಿ ಮೊದಲು ಸೂಚಿಸಬೇಕಾದ ಜಾಗ ಇದೇ. ಇರಾಕಿನಲ್ಲಿ ಹುಟ್ಟಿದ ಆಂಡಿ ಶಲಾಲ್ 2005ರಲ್ಲಿ 14ನೇ ಬೀದಿ ಮತ್ತು ವಿ ಬೀದಿ ಕೂಡುವಲ್ಲಿ ಇದನ್ನು ತೆರೆದರು. ಹೋಟೆಲು, ಬಾರು, ಪುಸ್ತಕದಂಗಡಿ ಎಲ್ಲ ಒಂದೇ ಸೂರಿನಡಿ, ಜೊತೆಗೆ ವೇದಿಕೆಯಿರುವ ಲ್ಯಾಂಗ್‌ಸ್ಟನ್ ರೂಮ್. ಓಪನ್ ಮೈಕ್ ಅಂದರೆ ಹೆಸರು ಬರೆಸಿದ ಯಾರು ಬೇಕಾದರೂ ಮೈಕಿನ ಮುಂದೆ ಬಂದು ಓದಬಹುದಾದ ಕೂಟ. ಅನಾಕಾಸ್ಟಿಯಾ, ಬ್ರೂಕ್‌ಲ್ಯಾಂಡ್, ಹಯಾಟ್ಸ್‌ವಿಲ್ ಕಡೆಗೂ ಶಾಖೆಗಳು ಹಬ್ಬಿವೆ. ಆದರೆ ಕವಿತೆಯ ವಿಷಯಕ್ಕೆ ಬಂದರೆ ಮೂಲ ಅಂಗಡಿಯ ತೂಕವೇ ಬೇರೆ, ಕಾರಣ ಅದು ನಿಂತಿರುವ ಬೀದಿ.

ಹೆಸರು ಕಪ್ಪು ಅಮೆರಿಕನ್ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ನನ್ನು ಕುರಿತದ್ದು. 1925ರಲ್ಲಿ ಆತ ಇದೇ ಊರಿನ ವಾರ್ಡ್‌ಮನ್ ಪಾರ್ಕ್ ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತುವ ಹುಡುಗನ, ಅಂದರೆ ‘ಬಸ್‌ಬಾಯ್’ ಕೆಲಸದಲ್ಲಿದ್ದ. ಊಟಕ್ಕೆ ಬಂದಿದ್ದ ಕವಿ ವೇಚಲ್ ಲಿಂಡ್ಸೆಯ ಟೇಬಲ್ಲಿನ ಮೇಲೆ ತನ್ನ ಕವಿತೆಗಳನ್ನು ಇಟ್ಟುಹೋದ, ಲಿಂಡ್ಸೆ ಅವನ್ನು ಸಭೆಯಲ್ಲಿ ಓದಿದ, ಮರುದಿನ ಪತ್ರಿಕೆಯವರು ಹುಡುಕಿಕೊಂಡು ಬಂದರು. 14ನೇ ಬೀದಿಯ ಈ ಅಂಗಡಿಯಿಂದ ದಕ್ಷಿಣಕ್ಕೆ ಮೂರು ಬೀದಿ ನಡೆದರೆ ಎಸ್ ಬೀದಿ. ಅಲ್ಲಿನ 1461ನೇ ಮನೆಯಲ್ಲಿ ಜಾರ್ಜಿಯಾ ಡಗ್ಲಾಸ್ ಜಾನ್ಸನ್ ಎಂಬ ಕವಯಿತ್ರಿ 1920ರ ದಶಕದಲ್ಲಿ ಶನಿವಾರ ರಾತ್ರಿಗಳ ಸಾಹಿತ್ಯ ಕೂಟ ನಡೆಸುತ್ತಿದ್ದರು. ಹ್ಯೂಸ್, ಜೀನ್ ಟೂಮರ್, ಅಲೇನ್ ಲಾಕ್ ಮುಂತಾದ ಕಪ್ಪು ಬರಹಗಾರರು ಬಂದು ಕೂರುತ್ತಿದ್ದ ಮನೆ ಅದು. ಅಂದರೆ ಈ ಬೀದಿಗಳಲ್ಲಿ ಕವಿತೆ ಓದುವ ಪರಿಪಾಠ ಬಸ್‌ಬಾಯ್ಸ್ ಹೋಟೆಲಿಗಿಂತ ಎಂಬತ್ತು ವರ್ಷ ಹಳೆಯದು. ಸಮಯವಿದ್ದರೆ ಹಗಲಲ್ಲೇ ಬಂದು ಆ ಮನೆಯನ್ನು ಹೊರಗಿನಿಂದ ನೋಡಿ, ಸಂಜೆ ಇತ್ತ ಬನ್ನಿ.

ಮೆಟ್ರೋದ ಗ್ರೀನ್ ಲೈನಿನಲ್ಲಿ ಯು ಸ್ಟ್ರೀಟ್ ನಿಲ್ದಾಣಕ್ಕೆ ಇಳಿಯಬೇಕು. ಎರಡು ಬಾಗಿಲುಗಳಿವೆ: 13ನೇ ಬೀದಿಯದು ಹೋಟೆಲಿಗೆ ಹತ್ತಿರ. 10ನೇ ಬೀದಿಯ ಕಡೆ ಹತ್ತಿದರೆ ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಸ್ಮಾರಕದೆದುರು ಬರುತ್ತೀರಿ. ಎರಡು ಲಕ್ಷಕ್ಕೂ ಮೀರಿದ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಸುತ್ತು ಹಾಕಿಯಾದರೂ ನೋಡತಕ್ಕದ್ದು. ಕಾರು ತರುವ ಯೋಚನೆ ಬಿಡಿ, ಆ ಸುತ್ತಿನಲ್ಲಿ ರಾತ್ರಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಮೊದಲ ಐದು ಕವಿಗಳು ಮುಗಿದಿರುತ್ತಾರೆ.

14ನೇ ಬೀದಿಯ ಅಂಗಡಿಯಲ್ಲಿ ವರ್ಷಗಟ್ಟಲೆ ಮಂಗಳವಾರವೇ ಕವಿಗಳ ದಿನ. ಆದರೂ ದಿನ, ಸಮಯ, ಟಿಕೆಟ್ ದರವನ್ನು ಅವರ ಜಾಲತಾಣದಲ್ಲಿ ನೋಡಿಕೊಂಡು ಮುಂಗಡ ಕಾಯ್ದಿರಿಸಿ. ಇದು ಸ್ಲ್ಯಾಮ್, ಅಂದರೆ ಕವಿತೆ ಹೇಳುವ ಸ್ಪರ್ಧೆ ಅಲ್ಲ. ಸ್ಲ್ಯಾಮಿನಲ್ಲಿ ಐವರು ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ, ಅತಿ ಹೆಚ್ಚು ಅತಿ ಕಡಿಮೆ ಎರಡನ್ನೂ ಕಳೆದು ಉಳಿದ ಮೂರನ್ನು ಕೂಡುತ್ತಾರೆ, ಮೂರು ನಿಮಿಷದ ಮೇಲೆ ಹತ್ತು ಸೆಕೆಂಡಿನ ರಿಯಾಯಿತಿ ದಾಟಿದರೆ ಅಂಕ ಕಡಿತ. ಓಪನ್ ಮೈಕಿನಲ್ಲಿ ಅಂಕ ಇಲ್ಲ. ಹಾಗಾಗಿ ನುರಿತವರ ಬೆನ್ನಿಗೇ ಮೊದಲ ಸಲ ಕೈ ನಡುಗಿಸುತ್ತಾ ನಿಂತವರೂ ಬರುತ್ತಾರೆ, ಗುಣಮಟ್ಟ ಏರಿಳಿಯುತ್ತದೆ. ಅದು ಸಹಜವೆಂದು ಒಪ್ಪಿಕೊಂಡೇ ಕೂರಬೇಕು.

ಓದುವ ಮನಸ್ಸಿದ್ದರೆ ಬೇಗ ಬಂದು ಹೆಸರು ಬರೆಸಿ. ಹೊಸಬರು ಎಡವುವುದು ಹೆಚ್ಚಾಗಿ ಮೂರು ಕಡೆ. ಒಂದು, ಪೀಠಿಕೆ: ಕವಿತೆಗಿಂತ ಅದರ ವಿವರಣೆಯೇ ಉದ್ದವಾದರೆ ಸಭಿಕರು ತಟ್ಟೆಯತ್ತ ತಿರುಗುತ್ತಾರೆ. ಎರಡು, ಮೈಕು: ಬಾಯಿಂದ ನಾಲ್ಕು ಬೆರಳಿನಷ್ಟು ದೂರ ಸರಿ, ಕೂಗುವ ಸಾಲಿಗೆ ತಲೆ ತುಸು ಹಿಂದಕ್ಕೆ. ಅಂಟಿಸಿಕೊಂಡರೆ ‘ಪ’, ‘ಬ’ ಸಿಡಿಯುತ್ತವೆ, ದೂರ ನಿಂತರೆ ಲೋಟ-ಚಮಚದ ಸದ್ದೇ ಗೆಲ್ಲುತ್ತದೆ. ಮೂರು, ಫೋನ್ ನೋಡಿ ಓದುವುದು: ಪರದೆ ಆರಿಹೋಗಿ ಸಾಲು ತಪ್ಪುತ್ತದೆ. ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಸಾಕು. ಕನ್ನಡದಲ್ಲೇ ಓದುವವರು ಇಂಗ್ಲಿಷಿನಲ್ಲಿ ಎರಡು ವಾಕ್ಯದ ಸಾರ ಹೇಳಿ ನೇರ ಕವಿತೆಗೆ ಇಳಿಯಲಿ. ಪೂರ್ತಿ ಅನುವಾದ ಓದಿದರೆ ಎರಡೂ ಸಾಯುತ್ತವೆ.

ಕೇಳುಗರಿಗೂ ಕೆಲಸವಿದೆ. ಸಾಲು ನಾಟಿದರೆ ನಡುವೆಯೇ ಬೆರಳು ಚಿಟಿಕೆ ಹೊಡೆಯುತ್ತಾರೆ, ‘ಹೌದು, ಹೇಳು’ ಎಂಬರ್ಥದ ಕೂಗು ಏಳುತ್ತದೆ. ಕಪ್ಪು ಚರ್ಚುಗಳಲ್ಲಿ ಪಾದ್ರಿಯ ಮಾತಿಗೆ ಸಭೆ ಮಾರುತ್ತರ ಕೊಡುವ ರೂಢಿಯ ಮುಂದುವರಿಕೆ ಇದು. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯ ಜೊತೆ ಹೋರಾಟದ ಹಾಡಿಗೆ ದನಿಗೂಡಿಸಿದವರಿಗೆ ಹೊಂದಿಕೊಳ್ಳಲು ಎರಡು ನಿಮಿಷವೂ ಬೇಡ. ಬಳಗವೂ ದೂರದ್ದಲ್ಲ: 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದೇ ಅಮೆರಿಕದ ಕಪ್ಪು ಹೋರಾಟಗಾರರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳು, ವೀಗನ್‌ಗಳು ಹಸಿದು ಮರಳಬೇಕಾಗಿಲ್ಲ, ತೆಂಗಿನ ತುರಿ ಹಚ್ಚಿದ ತೋಫು ತುಂಡುಗಳು ತಿನ್ನುವಂತಿವೆ. ಮಾಂಸಾಹಾರಿಗಳು ದಕ್ಷಿಣದ ರಾಜ್ಯಗಳ ಸೀಗಡಿ-ಗ್ರಿಟ್ಸ್ ನೋಡಬಹುದು. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ರವೆಯ ಮೆತ್ತನೆಯ ಗಂಜಿ. ತಟ್ಟೆಯೂಟವನ್ನು ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಮುಗಿಸಿ, ಒಳಗೆ ಕುಡಿಯಲು ಏನಾದರೂ ಸಾಕು. ಕವಿ ತಾಯಿಯ ಸಾವಿನ ಬಗ್ಗೆ ಹೇಳುವಾಗ ಪಕ್ಕದಲ್ಲಿ ಬಿಲ್ಲು ಹಂಚುವ ಚರ್ಚೆ ನಡೆದರೆ ಚೆನ್ನಲ್ಲ. ಡಿಸಿಯಲ್ಲಿ ಹೋಟೆಲ್ ಊಟಕ್ಕೆ 10 ಶೇಕಡಾ ತೆರಿಗೆ, ಮೇಲೆ ಟಿಪ್ಸ್. ಸೇವಾಶುಲ್ಕ ಆಗಲೇ ಸೇರಿದೆಯೇ ಎಂದು ಬಿಲ್ಲು ಓದಿ ನಂತರ ಕೊಡಿ.

ಒಂದು ತಕರಾರು ಮಾತ್ರ ಸುಲಭಕ್ಕೆ ಬಗೆಹರಿಯುವುದಿಲ್ಲ. ಯು ಬೀದಿ ಒಮ್ಮೆ ನ್ಯೂಯಾರ್ಕಿನ ನಾಟಕ ಬೀದಿಯ ಹೆಸರಿನಲ್ಲಿ ‘ಕಪ್ಪು ಬ್ರಾಡ್‌ವೇ’ ಅನ್ನಿಸಿಕೊಂಡಿತ್ತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ದಂಗೆ ಶುರುವಾದದ್ದು ಈ ಹೋಟೆಲಿನಿಂದ ಒಂದೇ ಬೀದಿ ಆಚೆ. ಈಗ ಬಾಡಿಗೆ ಏರಿ ಹಳೆಯ ನಿವಾಸಿಗಳು ಅನೇಕರು ಊರಾಚೆ ಸರಿದಿದ್ದಾರೆ. ಕಪ್ಪು ಪರಂಪರೆಯನ್ನು ಗೋಡೆಯ ಮೇಲೆ ಬರೆದ ಹೋಟೆಲು ಆ ಬದಲಾವಣೆಗೆ ತಡೆಯೋ, ಅಲಂಕಾರವೋ ಎಂಬ ಜಗಳ ಊರಲ್ಲಿದೆ. ನಮ್ಮ ಮಟ್ಟಿಗೆ ವೇದಿಕೆ ನಿಜ, ಆದರೆ ಊಟದ ಬಿಲ್ಲಿನ ಹಣ ಹೋಟೆಲಿಗೇ ಹೋಗುತ್ತದೆ. ಕವಿಗೆ ನೇರ ಸಲ್ಲಬೇಕೆಂದರೆ ಕಾರ್ಯಕ್ರಮದ ನಂತರ ಅವರೇ ಮಾರುವ ತೆಳು ಪುಸ್ತಕ ಕೊಳ್ಳಿ. ಚಿಲ್ಲರೆ ನೋಟುಗಳು ಜೇಬಿನಲ್ಲಿರಲಿ.