ಮೊದಲ ದಿನವೇ ನೂರಾರು ಬಸ್ಕಿ ಹೊಡೆಸುವ ಜಿಮ್‌ಗಳು: ನಲವತ್ತು ದಾಟಿದವರಿಗೆ ಒಂದು ಎಚ್ಚರಿಕೆ

ರಾಯಚೂರಿನಲ್ಲಿ ಕೆಲವು ವರ್ಷಗಳಿಂದ ಬಡಾವಣೆಗೊಂದರಂತೆ ಜಿಮ್‌ಗಳು ತೆರೆದುಕೊಂಡಿವೆ. ಸೇರುವವರಲ್ಲಿ ಈಗ ಕಾಲೇಜು ಹುಡುಗರಷ್ಟೇ ಇಲ್ಲ. ನಲವತ್ತು ದಾಟಿದ ಬ್ಯಾಂಕ್ ನೌಕರರು, ಅಂಗಡಿಕಾರರು, ಶಿಕ್ಷಕಿಯರು, ಗೃಹಿಣಿಯರು ಕೂಡ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಏರುತ್ತಿರುವ ತೂಕ ಎಂದು ಅಲ್ಲಿಗೆ ಹೋಗುತ್ತಿದ್ದಾರೆ. ಹೀಗೆ ಹೊಸದಾಗಿ ಸೇರುವ ನಡುವಯಸ್ಸಿನವರಿಗಾಗಿ, ಅದರಲ್ಲೂ ಬೇಸಿಗೆಯಲ್ಲಿ ಸೇರಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲ ದಿನವೇ ನಿಮ್ಮ ತಾಕತ್ತು ನೋಡುತ್ತೇವೆಂದು ನೂರಾರು ಬಸ್ಕಿ ಹೊಡೆಸುವ ಜಿಮ್‌ನಿಂದ, ಕಟ್ಟಿದ ಹಣ ಹೋದರೂ ಸರಿ, ಎದ್ದು ಬನ್ನಿ. ಅಂಥ ಒಂದು ಸಂಜೆಯ ವ್ಯಾಯಾಮ ನನ್ನನ್ನು ಆಸ್ಪತ್ರೆಗೆ ಸೇರಿಸಿತು. ನನ್ನ ಮೂತ್ರಪಿಂಡಗಳು ಉಳಿದದ್ದು ವೈದ್ಯೆಯೊಬ್ಬರು ತಕ್ಷಣ ಸರಿಯಾದ ಪರೀಕ್ಷೆ ಬರೆದುಕೊಟ್ಟದ್ದರಿಂದ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಹೇಳುವವಳು, ವಯಸ್ಸು ಐವತ್ತರ ಸಮೀಪ. ಥೈರಾಯ್ಡ್ ಗುಳಿಗೆಯನ್ನು ಬಹಳ ವರ್ಷಗಳಿಂದಲೂ ಕೊಲೆಸ್ಟ್ರಾಲ್‌ಗೆಂದು ಅಟೊರ್ವಾಸ್ಟಾಟಿನ್ ಅನ್ನು ಇತ್ತೀಚಿನಿಂದಲೂ ತೆಗೆದುಕೊಳ್ಳುತ್ತಿದ್ದೇನೆ. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರ ಮೂಳೆ ಬೇಗ ಸವೆಯತೊಡಗುತ್ತದೆ, ಸ್ನಾಯುವಿನ ಶಕ್ತಿಯೂ ಇಳಿಯುತ್ತದೆ, ಬರಿ ನಡಿಗೆಯಿಂದ ಅದು ತುಂಬಿಬರುವುದಿಲ್ಲ, ಭಾರ ಎತ್ತುವ ವ್ಯಾಯಾಮ ಬೇಕು ಎಂದು ನಮ್ಮ ವೈದ್ಯರು ಹೇಳಿದ್ದರು. ಅವರ ಮಾತು ಸರಿಯಾದದ್ದೇ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರೆಲ್ಲರೂ ವಾರದಲ್ಲಿ ಕನಿಷ್ಠ 2 ದಿನ ದೇಹದ ಮುಖ್ಯ ಸ್ನಾಯುಗಳನ್ನೆಲ್ಲ ದುಡಿಸುವ ವ್ಯಾಯಾಮ ಮಾಡಬೇಕೆಂದು ಹೇಳುತ್ತದೆ. ಆದ್ದರಿಂದ ಈ ಬರಹವನ್ನು ಓದಿ ಯಾರೂ ವ್ಯಾಯಾಮವನ್ನೇ ಕೈಬಿಡಬಾರದು. ನನ್ನ ತಕರಾರು ಅದನ್ನು ಆರಂಭಿಸುವ ರೀತಿಯ ಬಗ್ಗೆ ಮಾತ್ರ.

ನಾನು ಸೇರಿದ ಜಿಮ್ ಕಟ್ಟಡವೊಂದರ ಮೇಲಂತಸ್ತಿನಲ್ಲಿದೆ, ಮೇಲೆ ತಗಡಿನ ಚಾವಣಿ. ಏಪ್ರಿಲ್ ತಿಂಗಳು, ನಮ್ಮೂರಿನಲ್ಲಿ ಆಗ ಹಗಲಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಸಂಜೆಯಾದರೂ ತಗಡಿನ ಕಾವು ಆರಿರುವುದಿಲ್ಲ. ಅರ್ಜಿಯಲ್ಲಿ ಹೆಸರು, ಮೊಬೈಲ್ ಸಂಖ್ಯೆ, ತೂಕ ಇವಿಷ್ಟನ್ನೇ ಕೇಳಿದ್ದರು. ಎರಡು ಗುಳಿಗೆಗಳ ವಿಷಯವನ್ನು ನಾನಾಗಿಯೇ ತರಬೇತುದಾರನಿಗೆ ಹೇಳಿದೆ. ಆತ ಕೇಳಿಸಿಕೊಂಡರೂ ಎಲ್ಲಿಯೂ ಬರೆದುಕೊಳ್ಳಲಿಲ್ಲ. ಹೊಸಬರಿಗೆಲ್ಲ ಒಂದು ಚಾಲೆಂಜ್ ಇದೆಯೆಂದೂ ಅದನ್ನು ಮುಗಿಸಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆಂದೂ ಹೇಳಿ, ನಮ್ಮನ್ನು ಸಾಲಾಗಿ ನಿಲ್ಲಿಸಿ ಬಸ್ಕಿ ಆರಂಭಿಸಿದ. ಬಸ್ಕಿ ಮುಗಿಯುತ್ತಲೇ ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವ ಲಂಜಸ್, ಅದರ ಬೆನ್ನಿಗೆ ಹಲಗೆ ಹತ್ತಿ ಇಳಿಯುವುದು, ಮತ್ತೆ ಬಸ್ಕಿ. ಸಾಕೆಂದು ನಾನು ನಿಂತಾಗ, “ಮೇಡಂ, ಮೊದಲ ದಿನ ಕಾಲು ನಡಗಬೇಕು, ಅಂದ್ರೇನೇ ರಿಸಲ್ಟ್ ಬರ್ತದ” ಎಂದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ನೀರು ಕುಡಿಯಲು ಬಿಡುವು ಕೊಡಲಿಲ್ಲ. ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂಬುದು ಅವನ ವಾದ. ಭಾರ ಯಾವುದನ್ನೂ ಎತ್ತಿಸದೆ ನಮ್ಮ ನಮ್ಮ ಮೈಭಾರವನ್ನೇ ಬಳಸಿದ್ದರಿಂದ ಅಪಾಯವಾಗಬಹುದೆಂದು ಯಾರಿಗೂ ಅನಿಸಲಿಲ್ಲ.

ಇಲ್ಲಿ ಎಲ್ಲರೂ ತಿಳಿಯಬೇಕಾದ ಒಂದು ಸಂಗತಿಯಿದೆ. ಬಸ್ಕಿಯಲ್ಲಿ ಕೆಳಗೆ ಕೂರುವಾಗ, ಹಲಗೆಯಿಂದ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಹಿಡಿಯುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳು ಅತಿ ಹೆಚ್ಚು ಹರಿಯುವುದು ಈ ಬಗೆಯ ದುಡಿತದಲ್ಲಿಯೇ, ಮತ್ತು ಹರಿಯುವಾಗ ಹೆಚ್ಚು ನೋವಾಗುವುದಿಲ್ಲ. ನೋವು ಮರುದಿನದಿಂದ ಏರುತ್ತಾ ಒಂದೆರಡು ದಿನಗಳಲ್ಲಿ ತುತ್ತತುದಿ ಮುಟ್ಟುತ್ತದೆ. ಆದಕಾರಣ ಆ ಹೊತ್ತಿಗೆ ನೋವಿಲ್ಲವೆಂಬುದು ಎಷ್ಟು ಮಾಡಬಹುದೆಂಬುದಕ್ಕೆ ಅಳತೆಗೋಲಾಗದು. ಮೈಗೆ ರೂಢಿಯಿದ್ದವರು ಸುಲಭವಾಗಿ ಮಾಡುವ ಸಂಖ್ಯೆಯೇ ರೂಢಿಯಿಲ್ಲದವರಿಗೆ ಗಂಡಾಂತರವಾಗುತ್ತದೆ.

ಮರುದಿನ ಶಾಲೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಅದು ಹೊಸ ವ್ಯಾಯಾಮದ ಸಹಜ ನೋವೆಂದು ಎಲ್ಲರೂ ಹೇಳಿದರು, ಜಿಮ್‌ಗೆ ಫೋನ್ ಮಾಡಿದಾಗಲೂ ಅದೇ ಉತ್ತರ: “ನೋವು ಬಂದ್ರ ಮಸಲ್ ಒಡದು ಹೊಸಾದು ಬೆಳಿಯಾಕತ್ತದ ಅಂತ ತಿಳ್ಕೋರಿ ಮೇಡಂ. ಒಂದು ನೋವಿನ ಗುಳಿಗಿ ತಗೊಂಡು ನಾಳಿ ಬರ್ರಿ, ಮಾಡಿದ್ರ ಹೋಗ್ತದ.” ಆದರೆ ಸಂಜೆಯ ವೇಳೆಗೆ ಎರಡೂ ತೊಡೆಗಳು ಬಾತು ಗಟ್ಟಿಯಾದವು. ಮುಟ್ಟಿದರೆ ಸಹಿಸಲಾಗದಷ್ಟು ನೋವು, ಮಂಡಿ ಮಡಚುವುದೂ ಆಗದು. ಅದರಾಚೆಯ ದಿನ ಬೆಳಿಗ್ಗೆ ಮೂತ್ರ ಕಡುಚಹಾದ ಬಣ್ಣದಲ್ಲಿ ಹೋಯಿತು, ಪ್ರಮಾಣವೂ ಬಹಳ ಕಡಿಮೆ. ಉಷ್ಣವಾಗಿರಬೇಕು, ಎಳನೀರು ಕುಡಿದರೆ ಇಳಿಯುತ್ತದೆ ಎಂದು ನಮ್ಮ ಅತ್ತೆಯವರು ಕಾಳಜಿಯಿಂದಲೇ ಹೇಳಿದರು. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಮೂತ್ರದ ಬಣ್ಣ ಬದಲಾದರೆ ಯಾರಾದರೂ ಮೊದಲು ಹೇಳುವ ಮಾತೇ ಅದು. ನಮ್ಮ ಮನೆಯವರು ಅದಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ದರು.

ವೈದ್ಯೆ ತೊಡೆ ಮುಟ್ಟಿ ನೋಡಿ, ಮೂತ್ರದ ಬಣ್ಣ ಕೇಳಿ, ಮೊದಲು ಬರೆದದ್ದು ಸಿ.ಪಿ.ಕೆ. ಎಂಬ ರಕ್ತಪರೀಕ್ಷೆ. ಸ್ನಾಯುವಿನೊಳಗಿರಬೇಕಾದ ಕಿಣ್ವ ರಕ್ತಕ್ಕೆ ಎಷ್ಟು ಸೋರಿದೆ ಎಂಬುದನ್ನು ಅದು ತೋರಿಸುತ್ತದೆ. ಸಾಮಾನ್ಯವಾಗಿ ಲೀಟರಿಗೆ ಸುಮಾರು 200 ಯೂನಿಟ್‌ ಒಳಗಿರುವ ಆ ಅಂಕಿ ಸಾವಿರ ದಾಟಿದರೇ ಸ್ನಾಯು ಕರಗುತ್ತಿದೆಯೆಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ನನ್ನದು ಹತ್ತಾರು ಸಾವಿರದಲ್ಲಿತ್ತು. ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾಪಟ್ಟಿ ರಕ್ತವಿದೆಯೆಂದು ತೋರಿಸಿತು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳಿರಲಿಲ್ಲ. ಆ ಬಣ್ಣ ಹರಿದ ಸ್ನಾಯುವಿನಿಂದ ಹೊರಬಿದ್ದ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಕಾಯಿಲೆಯ ಹೆಸರು ರಾಬ್ಡೊಮಯೊಲೈಸಿಸ್. ಸ್ನಾಯುವಿನ ಎಳೆಗಳು ಒಟ್ಟಿಗೆ ಒಡೆದಾಗ ಅವುಗಳೊಳಗಿನ ಸತ್ವವೆಲ್ಲ ರಕ್ತಕ್ಕೆ ಸೇರುತ್ತದೆ; ಮಯೋಗ್ಲೋಬಿನ್ ಮೂತ್ರಪಿಂಡದ ನಾಳಗಳಲ್ಲಿ ಕಟ್ಟಿಕೊಂಡು ಅವನ್ನು ಹಾಳುಮಾಡುತ್ತದೆ, ಪೊಟ್ಯಾಷಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ನನಗೆ ಹಗಲು ರಾತ್ರಿ ಸಲೈನ್ ಏರಿಸಿದರು, ಹೋಗುವ ಮೂತ್ರವನ್ನು ಅಳೆದರು, ಪೊಟ್ಯಾಷಿಯಂ, ಮೂತ್ರಪಿಂಡದ ಕೆಲಸ ತಗ್ಗಿದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಎರಡನ್ನೂ ಮತ್ತೆ ಮತ್ತೆ ಪರೀಕ್ಷಿಸಿದರು. ಏರಿದ್ದ ಕ್ರಿಯಾಟಿನಿನ್ ಇಳಿಯತೊಡಗಿದಾಗಲೇ ಡಯಾಲಿಸಿಸ್ ಬೇಡವೆಂದು ಹೇಳಿದ್ದು. ಆ ಮಾತು ಬರುವವರೆಗೆ ನಮ್ಮ ಮನೆಯವರು ಅನುಭವಿಸಿದ ಆತಂಕವನ್ನು ನಾನು ಬರೆದು ತಿಳಿಸಲಾರೆ.

ಅಲ್ಲಿಯೇ ತಿಳಿದ ಇನ್ನೆರಡು ವಿಷಯಗಳು ನಡುವಯಸ್ಸಿನವರಿಗೆ ನೇರವಾಗಿ ಸಂಬಂಧಿಸಿದವು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆಗಳು ಅಪರೂಪಕ್ಕೆ ಸ್ನಾಯುವಿಗೆ ತೊಂದರೆ ಕೊಡುತ್ತವೆ, ಥೈರಾಯ್ಡ್ ಕೊರತೆ ಹತೋಟಿಯಲ್ಲಿಲ್ಲದಿದ್ದರೆ ಆ ಸಾಧ್ಯತೆ ಹೆಚ್ಚು. ಇವುಗಳ ಮೇಲೆ ರೂಢಿಯಿಲ್ಲದ ಕಠಿಣ ಶ್ರಮವೂ ಸೆಕೆಯೂ ನೀರಿನ ಕೊರತೆಯೂ ಕೂಡಿದರೆ ಅಪಾಯ ಬೆಳೆಯುತ್ತದೆ. ಹಾಗೆಂದು ಯಾರೂ ತಾವಾಗಿಯೇ ಸ್ಟಾಟಿನ್ ನಿಲ್ಲಿಸಬಾರದು, ಹೃದಯವನ್ನು ಕಾಯುವ ಔಷಧವದು. ನನಗೂ ಸ್ವಲ್ಪ ಕಾಲ ನಿಲ್ಲಿಸಿ ಮತ್ತೆ ಆರಂಭಿಸಿದ್ದು ವೈದ್ಯರೇ. ಎರಡನೆಯದು ನೋವಿನ ಗುಳಿಗೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಬಗೆಯವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಿರುವಾಗ, ಮೂತ್ರಪಿಂಡದ ಮೇಲೆ ಮೊದಲೇ ಒತ್ತಡ ಬಿದ್ದಿರುವಾಗ ಅವು ಗಾಯದ ಮೇಲೆ ಬರೆ ಎಳೆಯುತ್ತವೆ. ತರಬೇತುದಾರ ಫೋನಿನಲ್ಲಿ ಹೇಳಿದ ಆ ಒಂದು ಗುಳಿಗೆ, ಔಷಧ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ ಆ ಗುಳಿಗೆ, ಇಡೀ ಪ್ರಸಂಗದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಸಂಗತಿ.

ಬಿಡುಗಡೆಯಾಗಿ ಬಂದ ಮೇಲೆ ನಮ್ಮ ಮನೆಯವರು ಜಿಮ್ ಮಾಲೀಕರಿಗೆ ವರದಿಗಳನ್ನು ತೋರಿಸಿ, ಹೊಸಬರಿಗೆ ಆ ಚಾಲೆಂಜ್ ನಿಲ್ಲಿಸಬೇಕೆಂದು ಕೇಳಿಕೊಂಡರು. ನನ್ನ ಮೈಯಲ್ಲಿ ಪ್ರೋಟೀನ್ ಕಡಿಮೆಯಿದ್ದದ್ದೇ ಕಾರಣವೆಂದು ಹೇಳಿ ಅವರು ಒಂದು ಪುಡಿಯ ಡಬ್ಬಿಯನ್ನು ಮುಂದಿಟ್ಟರು. ಅದರ ಮೇಲೆ ತಯಾರಕರ ವಿಳಾಸವೂ ಇಲ್ಲ, ಆಹಾರ ಪೊಟ್ಟಣಗಳ ಮೇಲೆ ಇರಲೇಬೇಕಾದ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆಯೂ ಇಲ್ಲ. ಪ್ರೋಟೀನ್ ಕೊರತೆಯಿಂದ ಸ್ನಾಯು ಹೀಗೆ ಒಂದೇ ಸಂಜೆಗೆ ಒಡೆಯುವುದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ಹೇಳುವುದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕಾಗಬಹುದು, ಅದನ್ನೂ ತೊಗರಿಬೇಳೆ, ಹೆಸರುಕಾಳು, ಶೇಂಗಾ, ಮೊಸರು, ಮೊಟ್ಟೆಗಳಿಂದ ಹೆಚ್ಚಿಸಿಕೊಳ್ಳಬಹುದು; ಜೋಳದ ರೊಟ್ಟಿಯ ಜೊತೆ ಪಲ್ಯ ಮಾತ್ರ ತಿನ್ನುವ ನಮ್ಮ ರೂಢಿಗೆ ಕಾಳು ಸೇರಬೇಕು, ಅಷ್ಟೇ. ಅದೇ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ಬಳಸಬೇಡಿ ಎಂದೇ ಹೇಳಿದೆ. ಗಂಡಸರಿಗೆ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಸೂಚಿಸುವ ತರಬೇತುದಾರರೂ ಇದ್ದಾರೆಂದು ಕೇಳಿದ್ದೇನೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧವದು. ಅನಗತ್ಯವಾಗಿ ತೆಗೆದುಕೊಂಡರೆ ದೇಹ ತಾನೇ ಹಾರ್ಮೋನ್ ತಯಾರಿಸುವುದನ್ನು ತಗ್ಗಿಸುತ್ತದೆ, ರಕ್ತವೂ ಗಟ್ಟಿಯಾಗುತ್ತದೆ.

ನಮ್ಮ ತಂದೆಯವರು ಚಿಕ್ಕವರಿದ್ದಾಗ ಗರಡಿಗೆ ಹೋಗುತ್ತಿದ್ದವರು. ನನ್ನ ಕಥೆ ಕೇಳಿ ಅವರಿಗೆ ಅರ್ಥವೇ ಆಗಲಿಲ್ಲ. ಹೊಸ ಹುಡುಗನನ್ನು ಉಸ್ತಾದರು ಮೊದಲು ಮಟ್ಟಿ (ಕುಸ್ತಿ ಕಣದ ಮಣ್ಣು) ಅಗೆಯಲು ಹಚ್ಚುತ್ತಿದ್ದರು, ದಂಡ ಬೈಠಕ್ ಕೆಲವನ್ನಷ್ಟೇ ಹೊಡೆಸುತ್ತಿದ್ದರು, ಮೈ ಒಗ್ಗಿದ ಮೇಲೆ ಎಣಿಕೆ ಏರಿಸುತ್ತಿದ್ದರು ಎಂದು ಅವರು ಹೇಳುತ್ತಾರೆ. ಕಾರಹುಣ್ಣಿಮೆಯ ಹೊತ್ತಿಗೆ ಗುಂಡುಕಲ್ಲು ಎತ್ತುವವರು ಕೂಡ ಸಣ್ಣ ಗುಂಡಿನಿಂದ ಆರಂಭಿಸಿಯೇ ದೊಡ್ಡದಕ್ಕೆ ಕೈಹಾಕುವುದು. ಈ ಕ್ರಮಕ್ಕೆ ದೇಹದೊಳಗೇ ಕಾರಣವಿದೆ: ಒಮ್ಮೆ ಮಿತವಾಗಿ ದುಡಿದ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ದುಡಿತದಿಂದ ಮೊದಲಿನಷ್ಟು ಹಾನಿಗೊಳ್ಳುವುದಿಲ್ಲ. ಮೊದಲ ದಿನದ ಆ ಸಣ್ಣ ದುಡಿತವೇ ಮುಂದಿನ ದೊಡ್ಡ ದುಡಿತಕ್ಕೆ ರಕ್ಷಣೆ. ಅದನ್ನು ಹಾರಿಸಿ ಮುಂದಕ್ಕೆ ಹೋಗುವುದು ಶೌರ್ಯವೆಂದು ಹುರಿದುಂಬಿಸುವವರಿಗೆ ಈ ವಿದ್ಯೆ ತಿಳಿದಿಲ್ಲ.

ಸಿ.ಪಿ.ಕೆ. ಸಹಜ ಮಟ್ಟಕ್ಕೆ ಇಳಿದು, ವೈದ್ಯರು ಒಪ್ಪಿದ ಮೇಲೆ, ಈಗ ಫಿಸಿಯೊಥೆರಪಿಸ್ಟ್ ಒಬ್ಬರ ಬಳಿ ಮತ್ತೆ ಕಲಿಯುತ್ತಿದ್ದೇನೆ. ಆರಂಭ ಕುರ್ಚಿಯಿಂದ ಎದ್ದು ಕೂರುವುದರಿಂದ. ಗೋಡೆಗೆ ಕೈಯೂರಿ ತಳ್ಳುವುದು, ಎರಡು ಕೈಗಳಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಎತ್ತುವುದು. ಇನ್ನೂ ಕೆಲವು ಸಲ ಮಾಡಬಲ್ಲೆ ಎನ್ನಿಸುವಾಗಲೇ ನಿಲ್ಲಿಸಬೇಕು, ಉಸಿರು ಬಿಗಿಹಿಡಿಯಬಾರದು, ಒಂದೇ ಸ್ನಾಯುವಿಗೆ ಎರಡು ದಿನ ಸತತವಾಗಿ ಕೆಲಸ ಕೊಡಬಾರದು ಎಂಬುದು ಅವರ ಕಟ್ಟುನಿಟ್ಟು. ಭಾರ ಏರಿಸುವುದು ಹಿಂದಿನದು ಹಗುರವಾದ ಮೇಲೆ, ಅದೂ ಸ್ವಲ್ಪ ಸ್ವಲ್ಪವೇ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಮಾತ್ರ. ಈ ನಿಧಾನದಲ್ಲಿಯೂ ತೊಡೆಗೆ ಬಲ ಬಂದಿದೆ, ನೆಲದಿಂದ ಕೈಯೂರದೆ ಏಳಬಲ್ಲೆ. ಐವತ್ತರಲ್ಲೂ ಸ್ನಾಯು ಬೆಳೆಯುತ್ತದೆ ಎಂಬುದನ್ನು ನನ್ನ ಮೈಯಲ್ಲಿಯೇ ಕಾಣುತ್ತಿರುವುದು ನಿಜವಾದ ಸಂತೋಷ.

ಜಿಮ್‌ಗೆ ಹಣ ಕಟ್ಟುವ ಮೊದಲು ನಿಮ್ಮ ಕಾಯಿಲೆ, ಗುಳಿಗೆಗಳನ್ನು ಅವರು ಬರೆದುಕೊಳ್ಳುತ್ತಾರೆಯೇ, ಮೊದಲ ವಾರ ಏನು ಮಾಡಿಸುತ್ತಾರೆ, ನೀವು ಸಾಕೆಂದರೆ ನಿಲ್ಲಿಸುತ್ತಾರೆಯೇ ಎಂದು ಕೇಳಿ ನೋಡಿ. ವ್ಯಾಯಾಮದ ನಂತರ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಸ್ನಾಯು ಬಾತು ಗಟ್ಟಿಯಾದರೆ, ನೋವಿಗಿಂತ ಹೆಚ್ಚಾಗಿ ಬಲವೇ ಹೋದಂತಾದರೆ ನೋವಿನ ಗುಳಿಗೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಠಿಣ ವ್ಯಾಯಾಮ ಮಾಡಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಸಿ.ಪಿ.ಕೆ. ಮತ್ತು ಕ್ರಿಯಾಟಿನಿನ್ ಪರೀಕ್ಷೆಯ ಬಗ್ಗೆ ಕೇಳಿ. ಮೂತ್ರದ ಬಣ್ಣ ಬದಲಾಗದಿದ್ದರೂ ಬಾವು ಮತ್ತು ಬಲಹೀನತೆ ಇದ್ದರೆ ಹೋಗಲೇಬೇಕು, ಏಕೆಂದರೆ ಎಲ್ಲರಲ್ಲಿಯೂ ಬಣ್ಣ ಕಾಣಿಸುವುದಿಲ್ಲ. ಹಿಂದೆ ವರ್ಷಗಟ್ಟಲೆ ವ್ಯಾಯಾಮ ಮಾಡಿದವರಿಗೂ ಇದು ಅನ್ವಯಿಸುತ್ತದೆ: ಜ್ವರ, ಮದುವೆ, ಭತ್ತದ ಕಟಾವು ಎಂದು ಕೆಲವು ತಿಂಗಳು ಬಿಟ್ಟು ಮರಳಿ ಬರುವವರು ಬಿಟ್ಟಾಗ ಎತ್ತುತ್ತಿದ್ದ ಭಾರವನ್ನು ಮೊದಲ ದಿನವೇ ಮುಟ್ಟಬಾರದು, ಅದರ ಅರ್ಧಕ್ಕಿಂತಲೂ ಕಡಿಮೆಯಿಂದ ಆರಂಭಿಸಿ ಕೆಲವು ವಾರಗಳಲ್ಲಿ ಅಲ್ಲಿಗೆ ತಲುಪಬೇಕು.