ತೂಕ ಓದಲು ಮೂರು ದಾರಿ: ಪಿ-ಓಪನ್, ಪೈಪ್, ಪಿಟಿವೈ

ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಪರಿಚಯದವರ ವೇ ಬ್ರಿಜ್ ಇದೆ. ಸೀಸನ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು ಮುಗಿಯುವುದೇ ಇಲ್ಲ. ತೂಕದ ಯಂತ್ರದ ಜೊತೆ ಬಂದ ಲಿನಕ್ಸ್ ಪ್ರೋಗ್ರಾಂ ಗಾಡಿಗೊಂದು ಸಾಲು ಬರೆಯುತ್ತದೆ. ಅದನ್ನು ನನ್ನ ಸಿ ಪ್ರೋಗ್ರಾಂ ಓದಿ ಚೀಟಿ ಪ್ರಿಂಟ್ ಮಾಡಬೇಕು. ಇಷ್ಟೇ ಕೆಲಸ.

ಮೊದಲು ಪಿ-ಓಪನ್ ಬಳಸಿದೆ. ಇನ್ನೊಂದು ಪ್ರೋಗ್ರಾಂ ಓಡಿಸಿ, ಅದು ಬರೆದದ್ದನ್ನು ಪೈಪ್ ಎಂಬ ಕೊಳವೆಯಲ್ಲಿ ನಮಗೆ ತಂದುಕೊಡುವ ಸಿ ಫಂಕ್ಷನ್ ಇದು. ನಾಲ್ಕೇ ಸಾಲಿನ ಕೋಡ್. ಮನೆಯಲ್ಲಿ ಎಲ್‌ಎಸ್, ಡಿಎಫ್‌ನಂಥ ಲಿನಕ್ಸ್ ಕಮಾಂಡ್‌ಗಳ ಉತ್ತರ ಎಲ್ಲ ಚೆನ್ನಾಗಿ ಓದಿತು. ವೇ ಬ್ರಿಜ್‌ನಲ್ಲಿ ಗಾಡಿ ಹತ್ತಿತು, ಇಳಿಯಿತು, ಚೀಟಿ ಬರಲಿಲ್ಲ. "ಸರ, ನಿಮ್ಮ ಕಂಪ್ಯೂಟರ್ ನಿದ್ದಿ ಹೊಡಿಯಾಕತ್ತೇತೇನ್ರಿ?" ಅಂದ ಡ್ರೈವರ್. ತೂಕದ ಪ್ರೋಗ್ರಾಂ ಒಂದನ್ನೇ ಟರ್ಮಿನಲ್‌ನಲ್ಲಿ ಓಡಿಸಿದರೆ ತೂಕ ತಟ್ಟನೆ ಬರುತ್ತಿತ್ತು! ತಪ್ಪು ಪೈಪಿನದಲ್ಲ, ತೂಕದ ಪ್ರೋಗ್ರಾಂ ಕಡೆಯ ಬಫರಿನದು, ಅಂದರೆ ಬರೆದದ್ದನ್ನು ಕಳಿಸುವ ಮೊದಲು ಕೂಡಿಡುವ ಜಾಗದ್ದು. ಎದುರಿಗೆ ಟರ್ಮಿನಲ್ ಇದ್ದರೆ ಸಿ ಲೈಬ್ರರಿ ಸಾಲು ಮುಗಿದ ಕೂಡಲೇ ಕಳಿಸುತ್ತದೆ. ಪೈಪ್ ಇದ್ದರೆ ಬಫರ್ ತುಂಬುವ ತನಕ ಕೂಡಿಡುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 4096 ಬೈಟ್. ಸಾಲಿಗೆ 20 ಬೈಟ್ ಅಂದರೆ 200ಕ್ಕೂ ಜಾಸ್ತಿ ಗಾಡಿ ದಾಟಿದ ಮೇಲೆ ಎಲ್ಲ ಚೀಟಿ ಒಟ್ಟಿಗೆ. ಅದರ ಸೋರ್ಸ್ ಕೈಯಲ್ಲಿದ್ದರೆ, ಬಫರ್‌ನಲ್ಲಿದ್ದದ್ದನ್ನು ಕೂಡಲೇ ಕಳಿಸುವ ಒಂದು ಎಫ್‌ಫ್ಲಶ್ ಹಾಕಿದರೆ ಮುಗಿಯುತ್ತಿತ್ತು. ಹೊರಗಿನಿಂದಲೇ ಬಫರ್ ರೀತಿ ಬದಲಿಸುವ ಎಸ್‌ಟಿಡಿಬಫ್ ಕಮಾಂಡ್ ಹಚ್ಚಿ ನೋಡಿದೆ. ಪ್ರೋಗ್ರಾಂ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿ ಸಿ ಲೈಬ್ರರಿ ಅದರ ಹೊಟ್ಟೆಯಲ್ಲೇ ಇದ್ದದ್ದರಿಂದ ಅದೂ ನಡೆಯಲಿಲ್ಲ.

ಆಮೇಲೆ ಪಿ-ಓಪನ್ ಒಳಗೆ ಮಾಡುವುದನ್ನೇ ನಾನೇ ಬರೆದೆ: ಪೈಪ್ ತೆರೆಯುವುದು, ಫೋರ್ಕ್‌ನಿಂದ ನನ್ನ ಪ್ರೋಗ್ರಾಂನ (ಪೇರೆಂಟ್) ಪ್ರತಿ (ಚೈಲ್ಡ್) ಹುಟ್ಟಿಸುವುದು, ಎಕ್ಸೆಕ್‌ನಿಂದ ಆ ಪ್ರತಿಯಲ್ಲಿ ತೂಕದ ಪ್ರೋಗ್ರಾಂ ಓಡಿಸುವುದು. ನಡುವೆ ಶೆಲ್ ಇಲ್ಲ, ಎರರ್ ಸಾಲುಗಳನ್ನು ಬೇರೆ ಪೈಪಿನಲ್ಲಿ ಹಿಡಿಯಬಹುದು. ಆದರೆ ಎಡವಲು ಜಾಗ ಜಾಸ್ತಿ. ಪೇರೆಂಟ್‌ನಲ್ಲಿ ಪೈಪಿನ ಬರೆಯುವ ತುದಿ ಮುಚ್ಚಲು ಮರೆತೆ. ಚೈಲ್ಡ್ ಸತ್ತರೂ ರೀಡ್ (ಓದುವ ಕರೆ) ಮುಗಿಯಿತು ಅನ್ನುವ 0 ಕೊಡದೆ ಕಾಯುತ್ತಲೇ ಕೂತಿತು. ಒಂದು ಸಂಜೆ ಅದಕ್ಕೇ ಹೋಯಿತು. ಓದುವ ಮೊದಲೇ, ಚೈಲ್ಡ್ ಮುಗಿಯುವ ತನಕ ಕಾಯುವ ವೇಟ್‌ಪಿಐಡಿ ಕರೆದರೆ ಇನ್ನೊಂದು ಫಜೀತಿ. ಪೈಪಿನ 64 ಕೆಬಿ ತುಂಬಿತೆಂದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾರೆ. ಮೇಲಾಗಿ 4096ರ ಗಡಿಯಲ್ಲಿ ಸಾಲು ತುಂಡಾಗುತ್ತದೆ. 18450 ಕಿಲೋ ಗಾಡಿ ಒಮ್ಮೆ 184 ಆಗಿ ಬಂತು! ಪಿ-ಓಪನ್ ಜೊತೆ ಬಳಸಿದ, ಸಾಲು ಸಾಲಾಗಿ ಓದುವ ಎಫ್‌ಗೆಟ್ಸ್ ಇದನ್ನು ಸುಮ್ನೆ ಜೋಡಿಸಿಕೊಡುತ್ತಿತ್ತು, ಇಲ್ಲಿ ನಾವೇ ಕೂಡಿಸಬೇಕು. ಇಷ್ಟೆಲ್ಲ ಮಾಡಿದರೂ ಚೀಟಿ ತಡವೇ. ಬಫರ್ ಆ ಕಡೆ ಇದೆ, ಅಲ್ವಾ?

ಕೊನೆಗೆ ಫೋರ್ಕ್‌ಪಿಟಿವೈ. ಚೈಲ್ಡ್‌ನ್ನು ಪೈಪಿನ ಬದಲು ಪಿಟಿವೈ ಎಂಬ ಹುಸಿ ಟರ್ಮಿನಲ್‌ಗೆ ಜೋಡಿಸಿ ಹುಟ್ಟಿಸುವ ಫಂಕ್ಷನ್ ಇದು. ಎದುರಿಗೆ ಟರ್ಮಿನಲ್ ಇದೆ ಎಂದು ಪ್ರೋಗ್ರಾಂ ನಂಬಿತು, ಗಾಡಿ ನಿಂತ ಕೂಡಲೇ ತೂಕ ಬಂತು. ಕಿರಿಕಿರಿ ಇಲ್ಲದಿಲ್ಲ. ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಅಂಟಿಕೊಂಡು ಬರುತ್ತಿತ್ತು, ಟರ್ಮಿನಲ್ ಸೆಟ್ಟಿಂಗ್ ಆದ ಟರ್ಮಿಯೋಸ್‌ನಲ್ಲಿ ಅದನ್ನು ಸೇರಿಸುವ ಓಎನ್‌ಎಲ್‌ಸಿಆರ್ ತೆಗೆದೆ. ಚೈಲ್ಡ್ ಮುಗಿದಾಗ ರೀಡ್ 0 ಬದಲು ಇಐಒ (ಇನ್‌ಪುಟ್-ಔಟ್‌ಪುಟ್) ಎರರ್ ಕೊಡುತ್ತದೆ. ಲಿನಕ್ಸ್‌ನಲ್ಲಿ ಮುಗಿಯಿತು ಅನ್ನುವ ಗುರುತೇ ಅದು. ಎರರ್ ಸಾಲುಗಳೂ ತೂಕದ ಜೊತೆಗೇ ಬೆರೆಯುತ್ತವೆ, ಸೋಸಿ ತೆಗೆಯುತ್ತೇನೆ.

ವೇ ಬ್ರಿಜ್‌ನಲ್ಲಿ ಈಗ ಓಡುತ್ತಿರುವುದು ಇದೇ. ಡಿಸ್ಕ್ ಎಷ್ಟು ಖಾಲಿ ಇದೆ ಎಂದು ದಿನಕ್ಕೊಮ್ಮೆ ನೋಡಲು ಮಾತ್ರ ಪಿ-ಓಪನ್ ಇಟ್ಟುಕೊಂಡಿದ್ದೇನೆ. ಅಷ್ಟಕ್ಕೆಲ್ಲ ಫೋರ್ಕ್ ಬರೆಯಲು ನನಗೇನು ಹುಚ್ಚೇ?